ಸಾಣೆಕಲ್ಲಿನ ಖಾತುನಬಿ

ಗೋಕಾಕದ ಹಜರತಅಲಿ ಸಾಣೆಯ ಚಕ್ರವನ್ನು ಹೆಗಲ ಮೇಲೆ ಹೊತ್ತು ಮೂಡಲಗಿ, ಹುಕ್ಕೇರಿ, ಸಂಕೇಶ್ವರದ ಓಣಿಗಳನ್ನು ಇಪ್ಪತ್ತು ವರ್ಷ ತಿರುಗಿದವನು. 1918ರ ದೊಡ್ಡ ಜ್ವರದಲ್ಲಿ ನಾಲ್ಕೇ ದಿನಕ್ಕೆ ತೀರಿಕೊಂಡ. ಚಕ್ರವನ್ನು ಅವನ ತಮ್ಮ ಬಂದಗಿಸಾಬ ತೆಗೆದುಕೊಂಡ. ಅದು ಗಂಡಸಿನ ಹೆಗಲಿಗೇ ಭಾರ. ಹೆಂಡತಿ ಖಾತುನಬಿಗೆ ಉಳಿದದ್ದು ಇಬ್ಬರು ಹೆಣ್ಣುಮಕ್ಕಳು ಮತ್ತು ಕೈಯಲ್ಲೇ ಹಿಡಿದು ಮಸೆಯುವ ಎರಡು ಸಾಣೆಕಲ್ಲು. ಒಂದು ತರಿತರಿ, ಇನ್ನೊಂದು ನುಣುಪು.

ಚಕ್ರದವನು ಬೀದಿಯಲ್ಲಿ ಕೂಗಿದರೆ ಕತ್ತರಿ, ಚಾಕು, ಕುಡುಗೋಲು ಹೊರಗೆ ಬರುತ್ತಿದ್ದವು. ಈಳಿಗೆ ಬರುತ್ತಿರಲಿಲ್ಲ. ಮಣೆಗೆ ಕೂರಿಸಿದ ಆ ಅಲಗನ್ನು ಎತ್ತಿಕೊಂಡು ಯಾವ ಸೊಸೆ ಓಣಿಗೆ ಬಂದಾಳು? ಎಷ್ಟೋ ಅಡುಗೆಮನೆಗಳಲ್ಲಿ ಈಳಿಗೆ ಬದನೆಕಾಯಿಯನ್ನು ಹೆಚ್ಚುವ ಬದಲು ಜಜ್ಜುತ್ತಿತ್ತು. ಖಾತುನಬಿ ಕಲ್ಲುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಹಿತ್ತಿಲ ಬಾಗಿಲುಗಳಿಗೆ ಹೋದಳು. ಹೆಂಗಸು ಎಂದು ಒಳಗೆ ಕರೆದರು. ಜೋಳ ಕೊಟ್ಟರು. ಹೊಟ್ಟೆ ನಡೆಯಿತು.

ಮಮದಾಪುರದಲ್ಲಿ ಅಕ್ಕವ್ವ ಎಂಬ ಹೊಸ ಸೊಸೆ ಅವಳನ್ನು ಕರೆದಳು. ಮೊಂಡು ಈಳಿಗೆ ಜಾರಿ ಹೆಬ್ಬೆರಳು ಕೊಯ್ದು, ಅರಿವೆ ಸುತ್ತಿಕೊಂಡಿದ್ದಳು. ಖಾತುನಬಿ ಕಲ್ಲನ್ನು ನೀರಿಗೆ ಹಾಕುವಷ್ಟರಲ್ಲಿ ಅತ್ತೆ ಕೆಂಚವ್ವ ಹೊರಗೆ ಬಂದಳು.

"ಈ ಕಲ್ಲಿನ ಮ್ಯಾಲ ಮತ್ತೇನೇನ ಸಾಣಿ ಹಿಡೀತಿ?"

ಖಾತುನಬಿ ಸುಳ್ಳು ಹೇಳಲಿಲ್ಲ. "ಕಸಾಯಿ ಚೂರಿನೂ ಹಿಡೀತೇನ್ರಿ, ಅವ್ವಾರ."

"ಹಂಗಾರ ನಮ್ಮ ಈಳಗಿ ಮುಟ್ಟಬ್ಯಾಡ. ಲಿಂಗ ಕಟ್ಟಿದ ಮನಿ ಇದು."

ಖಾತುನಬಿ ಕಲ್ಲನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡಳು. ಬಿಸಿಲಲ್ಲಿ ನಡೆದು ಬಂದದ್ದು ದಂಡವಾಯಿತೆಂದು ಎದ್ದಳು. ಆದರೆ ಅಕ್ಕವ್ವನ ಹೆಬ್ಬೆರಳು ಕಣ್ಣಿಗೆ ಬಿತ್ತು.

"ಅವ್ವಾರ, ಹಿತ್ತಲದಾಗ ಗ್ವಾಡಿ ಕಟ್ಟಿ ಉಳಿದ ಕಲ್ಲ ಬಿದ್ದಾವ. ಕಲ್ಲೂ ನಿಮ್ದ, ಕೈಯೂ ನಿಮ್ದ. ನಾ ದೂರ ಕುಂತ ಹೇಳ್ತೇನಿ, ಅಕ್ಕವ್ವ ಮಾಡ್ಲಿ."

ಕೆಂಚವ್ವ ಆ ಕಲ್ಲುಗಳ ಕಡೆ ಸೊಸೆಗೆ ಕೈ ತೋರಿಸಿದಳು.

"ಅದಲ್ಲ, ಅದರ ಬಾಜೂದ್ದು. ಹಾಂ, ಅದ. ನೀರಾಗ ಹಾಕು," ಎಂದು ಖಾತುನಬಿ ಹಿತ್ತಿಲಂಚಿನ ಬೇವಿನ ಗಿಡದ ಬುಡದಲ್ಲಿ ಕೂತೇ ಹೇಳಿದಳು. "ಅಲಗ ಅಲ್ಲಾಡಬಾರ್ದು, ಕಲ್ಲ ಅಷ್ಟ ಓಡಾಡಬೇಕ. ಬುಡದಿಂದ ತುದೀಗಿ. ಮಲಗಿಸಿದಂಗ ಹಿಡಿ, ನೆಟ್ಟಗ ನಿಲ್ಲಿಸಬ್ಯಾಡ. ಬಲಕ್ಕ ಹತ್ತ ಸಲ, ಎಡಕ್ಕ ಹತ್ತ ಸಲ."

ಅಕ್ಕವ್ವ ಬೆವರು ಒರೆಸಿಕೊಂಡು ಅಲಗಿನ ಮೇಲೆ ಬೆರಳಿಟ್ಟಳು. "ಬಂತೇನ ಧಾರಿ?"

"ಬೆರಳ ಉದ್ದಕ್ಕ ಎಳದಿ ಅಂದ್ರ ಮತ್ತ ಕೊಯ್ಕೋತಿ. ಅಡ್ಡಕ ಮೆಲ್ಲಕ ಮುಟ್ಟ. ಒಂದ ಕಡೆ ಗರಗರ ಹತ್ತತೈತಿ? ಆ ಕಡೆ ಇನ್ನೊಂದೀಟ ತಿಕ್ಕ."

ಹೊತ್ತು ಇಳಿಯುವ ಹೊತ್ತಿಗೆ ಬದನೆಕಾಯಿ ಸಪ್ಪಳವಿಲ್ಲದೆ ಎರಡು ಹೋಳಾಯಿತು. ಕೆಂಚವ್ವ ತಾನೇ ಮಣೆಯ ಮೇಲೆ ಕೂತು ಒಂದು ಉಳ್ಳಾಗಡ್ಡಿ ಹೆಚ್ಚಿ ನೋಡಿದಳು. ಒಳಗೆ ಹೋಗಿ ಮೊರದ ತುಂಬ ಜೋಳ ತಂದು ಖಾತುನಬಿಯ ಉಡಿಗೆ ಸುರಿದಳು.

ಸುದ್ದಿ ಕೇಳಿ ಬಂದಗಿಸಾಬ ಸಿಟ್ಟಾದ. "ಭಾಬಿ, ಕೆಲಸ ಮಾಡಿ ಕೂಲಿ ತರೂದ ಬಿಟ್ಟ, ಕೆಲಸಾನ ಕೊಟ್ಟ ಬಂದ್ರಲ್ಲ!"

ಅವನು ಹೇಳಿದ್ದು ಖರೆಯಾಯಿತು. ಅಕ್ಕವ್ವ ಇಡೀ ಓಣಿಗೆ ಕಲಿಸಿದಳು, ಓಣಿಯವರು ಸುತ್ತಲ ಊರುಗಳಿಗೆ ಕಲಿಸಿದರು. ಎರಡು ತಿಂಗಳು ಮಮದಾಪುರದ ಕಡೆಯ ಒಂದು ಮನೆಯೂ ಖಾತುನಬಿಯನ್ನು ಕರೆಯಲಿಲ್ಲ. ಹಿಟ್ಟಿನ ಗಡಿಗೆಯ ತಳ ಕಂಡಿತು. ಸುಮ್ಮನೆ ಎದ್ದು ಬಂದಿದ್ದರಾಗುತ್ತಿತ್ತು ಎಂದು ತನ್ನ ಬಾಯಿಯನ್ನೇ ಬೈದುಕೊಂಡಳು.

ಮೂರನೆಯ ತಿಂಗಳು ಅದೇ ಓಣಿಯ ಬಾಳವ್ವ ಗೋಕಾಕದ ಸಂತೆಗೆ ಬಂದವಳು ಅವಳ ಮನೆ ಹುಡುಕಿಕೊಂಡು ಬಂದಳು.

"ನಮ್ಮ ಹಿತ್ತಲದ ಕಲ್ಲಿಲೆ ಈಳಗಿಗಿ ಧಾರಿ ಬರವಲ್ದು, ಖಾತುನಬಿ. ಚಲೋದೊಂದ ಕಲ್ಲ ಆರಿಸಿಕೊಡ."

ಕಲ್ಲು ಆರಿಸುವುದು ಯಾರಿಗೂ ಬರುವುದಿಲ್ಲ ಎಂಬುದು ಆಗ ಖಾತುನಬಿಗೆ ಹೊಳೆಯಿತು. ಮರುದಿನವೇ ಗುಡ್ಡದಲ್ಲಿ ಕಲ್ಲು ಒಡೆಯುವ ಖಂಡೆಪ್ಪನ ಹತ್ತಿರ ಹೋದಳು. ಅವನು ಬಿಸಾಕಿದ ಚೂರುಗಳನ್ನು ಒಂದೊಂದಾಗಿ ತೋಯಿಸಿ, ಉಗುರಿನಿಂದ ಕೆರೆದು ನೋಡಿ, ಮರಳಿನ ಕಾಳು ಸಣ್ಣಗಿದ್ದ ಎಂಟನ್ನು ಬುಟ್ಟಿಗೆ ಹಾಕಿಕೊಂಡಳು. ಎಂಟೂ ಒಂದೇ ವಾರದಲ್ಲಿ ಮಾರಿಹೋದವು.

ಮುಂದಿನ ಇಪ್ಪತ್ತು ವರ್ಷ ಅದೇ ಅವಳ ಉದ್ಯೋಗವಾಯಿತು. ಕಲ್ಲು ಕೊಟ್ಟ ಮನೆಯಲ್ಲಿ, ಅಲ್ಲಿಯ ಹೆಂಗಸಿನ ಕೈ ಪಳಗುವವರೆಗೆ ಎದ್ದು ಬರುತ್ತಿರಲಿಲ್ಲ. ಕೆಲವು ಮನೆಗಳಲ್ಲಿ ಬೇವಿನ ನೆರಳಿನಿಂದಲೇ ಹೇಳಬೇಕಾಗುತ್ತಿತ್ತು. ಕೆಲವರು ಒಳಗೆ ಕೂರಿಸಿ ರೊಟ್ಟಿ ಕೊಡುತ್ತಿದ್ದರು. ಬಂದಗಿಸಾಬ ಒಂದು ವರ್ಷ ಮುಖ ಗಂಟಿಕ್ಕಿಕೊಂಡಿದ್ದ. ಆಮೇಲೆ ಹುಕ್ಕೇರಿಯ ಬಂಡಿಗೆ ಅವಳ ಬುಟ್ಟಿಯನ್ನು ತಾನೇ ಏರಿಸಿಕೊಡತೊಡಗಿದ. ಹೆಣ್ಣುಮಕ್ಕಳಿಬ್ಬರ ಮದುವೆಯಾಯಿತು.

1941ರ ಹೊತ್ತಿಗೆ ಮೊಣಕಾಲು ಕೈಕೊಟ್ಟವು. ಆಗ ಸಂತೆಯ ದಿನ ಹೆಂಗಸರೇ ಅವಳ ಕಟ್ಟೆಗೆ ಬರುತ್ತಿದ್ದರು. ನಡುವೆ ಸವೆದು ತಗ್ಗಾದ ಕಲ್ಲುಗಳನ್ನು ಚಪ್ಪಡಿಯ ಮೇಲೆ ಮರಳು, ನೀರು ಹಾಕಿ ತಿಕ್ಕಿ ಸಮ ಮಾಡಿಸಿಕೊಂಡು ಹೋಗುತ್ತಿದ್ದರು. ಹುಕ್ಕೇರಿಯ ಲಕ್ಕವ್ವ ಒಮ್ಮೆ ತೆಳುವಾದ ತನ್ನ ಕಲ್ಲನ್ನು ಹಿಡಿದು ಕೇಳಿದಳು, "ಇದ ಇನ್ನ ಎಷ್ಟ ವರ್ಷ ಬರತೈತಿ, ಅಜ್ಜಿ?"

"ನಿಮ್ಮ ಮನ್ಯಾಗ ಉಣ್ಣಾವ್ರ ಎಷ್ಟ ಮಂದಿ ಅದಾರ?"

"ಹದಿನಾರ."

"ಹಂಗಾರ ಇನ್ನೊಂದ ತಗೊಂಡ ಹೋಗ," ಎಂದು ಖಾತುನಬಿ ಕಲ್ಲಿನ ಬುಟ್ಟಿಯನ್ನು ಅವಳತ್ತ ಸರಿಸಿದಳು.