ಒಳಗೆ ಹಿಡಿದ ಹೊಲಿಗೆ

ಬೀದಿಯವರ ಬಾಯಲ್ಲಿ ಅವನು ಪಿನ್ನಜ್ಜ. ಮನೆಯ ಮುಂದಿನ ಕೋಣೆಯೇ ಅವನ ಹೊಲಿಗೆ ಅಂಗಡಿ: ಕಿಟಕಿಗೆ ಒತ್ತಿದ ಮಷೀನು, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗಿರಾಕಿಗೊಂದು ಸ್ಟೂಲು. ತುಟಿಯ ಮೂಲೆಯಲ್ಲಿ ಸದಾ ನಾಲ್ಕಾರು ಗುಂಡುಪಿನ್ನು. ಅವನ್ನು ಕಚ್ಚಿಕೊಂಡೇ ಅಳತೆ ಹೇಳುವನು, ಹರಟುವನು, ಬೈಯುವನು, ಒಂದೂ ಉದುರದು. ಕೆಲಸ ಕಲಿಯಲು ಬಂದವರಿಗೆ ಮಾತ್ರ, "ನೀವು ಬಾಯಿಗೆ ಪಿನ್ನು ಇಟ್ಟೀರಾ, ಜೋಕೆ. ಪಿನ್ನು ನುಂಗಿದ ದರ್ಜಿ ಅಂದ್ರೆ ಈಜು ಬಂದೂ ಬಕೆಟ್ಟಲ್ಲಿ ಮುಳುಗಿದ ಹಾಗೆ," ಅನ್ನುತ್ತಿದ್ದ.

ಮಗಳು, ಅಳಿಯ, ಮೊಮ್ಮಗಳು ಪುಟ್ಟಿ, ಎಲ್ಲರೂ ಅವನ ಜೊತೆಗೇ ಇದ್ದರು. ಮಗಳು ಮೊದಲೇ ಪುಕ್ಕಲಿ. ಪುಟ್ಟಿಗೆ ಗಟ್ಟಿ ಊಟ ಶುರುವಾದ ಮೇಲಂತೂ ಅವಳಿಗೆ ಅದೇ ಧ್ಯಾನ. ಅನ್ನವನ್ನು ಅಗುಳು ಕಾಣದ ಹಾಗೆ ಹಿಸುಕಿ, ಬಾಳೆಹಣ್ಣನ್ನು ಚಮಚದಲ್ಲಿ ಅರೆದು, ಒಂದು ಕೈ ಮಗುವಿನ ಬೆನ್ನ ಮೇಲಿಟ್ಟುಕೊಂಡೇ ತಿನ್ನಿಸುವಳು. ಮಗು ಕೆಮ್ಮಿದರೆ ಇವಳ ಜೀವ ಬಾಯಿಗೆ ಬರುವುದು.

"ಅದು ತುತ್ತು ನುಂಗ್ತಿದೆ, ನೀನು ಉಗುಳು ನುಂಗ್ತಿದ್ದೀಯ," ಎಂದು ಅಪ್ಪ ಬಾಗಿಲಲ್ಲಿ ನಿಂತು ರೇಗಿಸುವನು. "ಬಿಡೆ, ಹೊಟ್ಟೆಯ ದಾರಿ ಅದಕ್ಕೇ ಗೊತ್ತು."

ಹೀಗೆ ಅಂದವನು ಊಟದ ಹೊತ್ತಿಗೆ ತನ್ನ ತಟ್ಟೆ ಹಿಡಿದು ಅಂಗಡಿಗೆ ನಡೆಯುತ್ತಿದ್ದ. "ಗಿರಾಕಿ ಬರೋ ಹೊತ್ತು ಕಣೆ." ಮಗಳು ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ. ಮಗುವಿನ ಒಂದೊಂದು ತುತ್ತನ್ನೂ ಕಾಯುವವಳಿಗೆ ಅಪ್ಪನ ತಟ್ಟೆ ಕಣ್ಣಿಗೆ ಬೀಳಲೇ ಇಲ್ಲ.

ಕಣ್ಣಿಗೆ ಬಿದ್ದದ್ದು ಒಗೆದ ಬಟ್ಟೆ. ಬಿಸಿಲಿಗೆ ಹಾಕಲು ಅಪ್ಪನ ಪ್ಯಾಂಟನ್ನು ಒಳಮಗ್ಗುಲು ಮಾಡಿದಾಗ ಸೊಂಟದ ಹಿಂಭಾಗ ಬೆರಳಿಗೆ ದಪ್ಪಗೆ ಸಿಕ್ಕಿತು. ನೋಡಿದರೆ ಹೊಲಿಗೆಯ ಪಕ್ಕ ಹೊಲಿಗೆ, ಅದರ ಒಳಗೆ ಇನ್ನೊಂದು. ಮೊದಲ ಸಾಲು ಬಣ್ಣಗೆಟ್ಟದ್ದು. ಕೊನೆಯದು ಹೊಚ್ಚಹೊಸ ದಾರ. ಗಾಬರಿಯಿಂದ ಅಂಗಿಯನ್ನೂ ತಿರುಗಿಸಿದಳು. ಪಕ್ಕೆಯುದ್ದಕ್ಕೂ ಅದೇ ಕತೆ. ಅಪ್ಪ ಕರಗುತ್ತಾ ಹೋಗಿದ್ದ, ಬಟ್ಟೆಯನ್ನೂ ಜೊತೆಜೊತೆಗೆ ಒಳಗೆ ಹಿಡಿದು ಹೊಲಿಯುತ್ತಾ ಹೋಗಿದ್ದ. ಬೇರೆ ಯಾರೇ ಆಗಿದ್ದರೂ ಜೋಲುವ ಅಂಗಿಯೇ ಊರಿಗೆಲ್ಲ ಸಾರುತ್ತಿತ್ತು. ಇವನ ಮೈಮೇಲೆ ಅಂಗಿ ಯಾವತ್ತೂ ಅಚ್ಚುಕಟ್ಟು.

ಮಧ್ಯಾಹ್ನ ಅವಳು ಸದ್ದಿಲ್ಲದೆ ಅಂಗಡಿಯ ಬಾಗಿಲಿಗೆ ಬಂದಳು. ಅಪ್ಪ ಒಂದು ತುತ್ತು ತಿಂದು, ನೀರು ಕುಡಿದು, ಎದ್ದು ನಿಂತು, ಎರಡೂ ಕೈ ಮೇಲೆತ್ತಿ, ಅಟ್ಟದಿಂದ ಏನನ್ನೋ ಇಳಿಸಿಕೊಳ್ಳುವವನ ಹಾಗೆ ಮೈ ಚಾಚಿ ಕಾಯುತ್ತಿದ್ದ. ತುತ್ತು ಇಳಿಯಲಿಲ್ಲ. ಮೇಜಿನ ಕೆಳಗಿನ ಡಬ್ಬಿಗೆ ಬಗ್ಗಿ ಉಗುಳಿದ.

"ಅಪ್ಪಾ, ಏನದು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತೆ ಅವನ ಕೈ ಎದೆಗೆ ಹೋಯಿತು. "ಏನಿಲ್ಲ ಕಣೆ."

"ನಿನ್ನ ಪ್ಯಾಂಟು ನೋಡ್ದೆ ನಾನು."

ಅಪ್ಪ ಟೇಪನ್ನು ಬೆರಳಿಗೆ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. "ಪಿನ್ನು ನುಂಗಿರ್ಬೇಕು," ಎಂದ ಕೊನೆಗೆ. "ಯಾವಾಗ ಅಂತ ಗೊತ್ತಿಲ್ಲ. ಎಲ್ರಿಗೂ ಬುದ್ಧಿ ಹೇಳ್ದೋನು ನಾನೇ. ಯಾವ ಮುಖ ಇಟ್ಕೊಂಡು ಹೇಳ್ಲಿ?"

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು.

ಆಸ್ಪತ್ರೆಯಲ್ಲಿ ಪಿನ್ನು ಸಿಗಲಿಲ್ಲ. ಬಿಳಿಯ ಔಷಧ ಕುಡಿಸಿ ಎಕ್ಸ್‌ರೇ ತೆಗೆದರು, ಬಾಯಿಂದ ನಳಿಕೆ ಇಳಿಸಿ ಒಳಗೆ ನೋಡಿದರು, ಅನ್ನನಾಳದ ಒತ್ತಡವನ್ನು ಅಳೆದರು. ಡಾಕ್ಟರಮ್ಮ ತೋರಿಸಿದ ಚಿತ್ರದಲ್ಲಿ ನಾಳ ಮೇಲೆ ಚೀಲದಂತೆ ಉಬ್ಬಿ, ಕೆಳಗೆ ಹಕ್ಕಿಯ ಕೊಕ್ಕಿನಂತೆ ಚೂಪಾಗಿತ್ತು.

"ಹೊಟ್ಟೆ ಬಾಗಿಲಲ್ಲಿ ಒಂದು ಸ್ನಾಯು ಇದೆ ಯಜಮಾನ್ರೇ. ನುಂಗಿದಾಗ ಅದು ಸಡಿಲ ಆಗ್ಬೇಕು. ನಿಮ್ಮದು ಲಾಡಿ ಬಿಗಿದ ಹಾಗೆ ಬಿಗಿದಿದೆ. ಗಡ್ಡೆ ಏನೂ ಇಲ್ಲ."

"ಹಾಗಾದ್ರೆ ಪಿನ್ನು?"

"ನಿಮ್ಮ ಪಿನ್ನೆಲ್ಲ ಅಂಗಡೀಲೇ ಇವೆ."

ಅಪ್ಪನ ಮುಖ ಅರಳಿದ್ದು ನೋಡಿದರೆ ರೋಗವೇ ವಾಸಿಯಾಯಿತು ಅನ್ನಬೇಕು. ಮಗಳ ಮುಖ ಮಾತ್ರ ಬಾಡಿಯೇ ಇತ್ತು. "ಹೊಟ್ಟೆಗೆ ಟ್ಯೂಬು ಹಾಕ್ಬೇಕಾಗುತ್ತಾ?"

"ನುಂಗೋ ಶಕ್ತಿನೇ ಹೋದೋರಿಗೆ ಅದು ಬೇಕಾಗುತ್ತಮ್ಮ. ಇವರಿಗೆ ಬೇರೆ ದಾರಿ ಇದೆ." ಡಾಕ್ಟರಮ್ಮ ನಿಧಾನವಾಗಿ ಬಿಡಿಸಿ ಹೇಳಿದರು. ಬಲೂನು ಇಳಿಸಿ ಆ ಬಾಗಿಲನ್ನು ಹಿಗ್ಗಿಸಬಹುದು; ಕೆಲವರಿಗೆ ಅದನ್ನು ಮತ್ತೆ ಮಾಡಬೇಕಾಗುತ್ತದೆ. ಬಾಯಿಂದಲೇ ನಳಿಕೆ ಇಳಿಸಿ ಸ್ನಾಯುವನ್ನು ಒಳಗಿನಿಂದ ಸೀಳಬಹುದು; ಹೊರಗೆ ಗಾಯವಿಲ್ಲ, ಆದರೆ ಆಮೇಲೆ ಎದೆಯುರಿ ಹೆಚ್ಚು. ಇಲ್ಲವಾದರೆ ಹೊಟ್ಟೆಗೆ ಸಣ್ಣ ತೂತು ಮಾಡಿ, ಸ್ನಾಯುವನ್ನು ಹೊರಗಿನಿಂದ ಸೀಳಿ, ಹುಳಿ ಮೇಲೆ ಬಾರದಂತೆ ಜಠರದ್ದೇ ಒಂದು ಮಡಿಕೆ ತಂದು ಹೊಲಿಯುವುದು. "ಯಾವುದು ಮಾಡಿದ್ರೂ ನಾಳಕ್ಕೆ ತೂತು ಬೀಳೋ ಅಪಾಯ ಸ್ವಲ್ಪ ಇದ್ದೇ ಇರುತ್ತೆ."

ಮಗಳ ಕಿವಿ ಆ ತೂತಿನಲ್ಲೇ ಸಿಕ್ಕಿಕೊಂಡಿತು. ಅಪ್ಪ ಮುಂದೆ ಬಗ್ಗಿದ. "ಸೀಳೋದು ಅಂದ್ರೆ ಪೂರ್ತಿನಾ?"

"ಸ್ನಾಯು ಮಾತ್ರ. ಒಳಗಿನ ಪದರ ಹಾಗೇ ಉಳೀಬೇಕು."

"ಕೋಟು ಬಿಚ್ಚಿ, ಲೈನಿಂಗ್ ಮುಟ್ಟಬಾರ್ದು. ಅರ್ಥ ಆಯ್ತು. ನಂಗೆ ಆ ಮಡಿಕೆ ಹೊಲಿಯೋದೇ ಇರ್ಲಿ ಡಾಕ್ಟ್ರಮ್ಮ."

"ಅಪ್ಪಾ, ಇದು ಬಟ್ಟೆ ಅಲ್ಲ," ಎಂದಳು ಮಗಳು.

"ಗೊತ್ತು ಕಣೆ. ಬಟ್ಟೆ ಆಗಿದ್ರೆ ಇವರ ಹತ್ರ ಯಾಕೆ ಬರ್ತಿದ್ದೆ?" ಎಂದವನು ಅವಳ ಕೈಮೇಲೆ ಕೈಯಿಟ್ಟ. "ಪುಟ್ಟಿ ಪಕ್ಕ ಕೂತು ಊಟ ಮಾಡ್ಬೇಕು ನಾನು. ಅಷ್ಟೇ."

ಡಾಕ್ಟರಮ್ಮ ಒಪ್ಪಿದರು, ಪರೀಕ್ಷೆಗಳೂ ಅದಕ್ಕೆ ಅಡ್ಡಿ ಹೇಳಲಿಲ್ಲ. ಆದರೆ ನಾಳಕ್ಕೆ ತಳ್ಳುವ ಬಲ ಮರಳಿ ಬರುವುದಿಲ್ಲ, ಇನ್ನು ಜೀವನಪೂರ್ತಿ ನಿಧಾನವಾಗಿ ಅಗಿದು, ನೀರಿನ ಜೊತೆ ಇಳಿಸಬೇಕು ಎಂದು ಮೊದಲೇ ಎಚ್ಚರಿಸಿದರು.

ಆಪರೇಷನ್ನಿಗೆ ಹೋಗುವ ಮುಂಚೆ ಅಪ್ಪ ಅಂಗಿಯ ಕಾಲರಿಗೆ ಚುಚ್ಚಿದ್ದ ಪಿನ್ನುಗಳನ್ನು ತೆಗೆದು ಅವಳ ಕೈಗೆ ಕೊಟ್ಟ. "ಹುಷಾರು, ನೀನು ನುಂಗೀಯ." ತಳ್ಳುಗಾಡಿ ಬಾಗಿಲಾಚೆ ಹೋಯಿತು. ಅವಳು ಪಿನ್ನುಗಳನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿ, ಬೆಂಚಿನ ಮೇಲೆ ಕೂತು ಪುಟ್ಟಿಗೆ ಅನ್ನ ತಿನ್ನಿಸಿದಳು. ಕಣ್ಣು ಬಾಗಿಲ ಮೇಲೆ. ಮಗು ತಾನೇ ಬಾಯಿ ತೆರೆಯಿತು, ತಾನೇ ನುಂಗಿತು. ಕೈ ಅದರ ಬೆನ್ನ ಮೇಲಿಲ್ಲ ಎಂಬುದು ಅವಳಿಗೆ ಗೊತ್ತೇ ಆಗಲಿಲ್ಲ.

ಕೆಲವು ದಿನ ಬರೀ ನೀರು, ಗಂಜಿ. ಆಮೇಲೆ ಮೆತ್ತಗಿನ ಅನ್ನ. ಅಡುಗೆಮನೆಯಲ್ಲಿ ಪುಟ್ಟಿಯ ಪಕ್ಕದಲ್ಲೇ ಅಪ್ಪನ ತಟ್ಟೆ. ಇಬ್ಬರಿಗೂ ಒಂದೇ ಪಾತ್ರೆಯ, ಒಂದೇ ಚಮಚದಲ್ಲಿ ಹಿಸುಕಿದ ಅನ್ನ. ಅಪ್ಪ ತುತ್ತು ನುಂಗಿ, ಅಭ್ಯಾಸಬಲದಿಂದ ಕೈ ಎತ್ತಲು ಹೋಗಿ, ಅರ್ಧಕ್ಕೇ ನಿಲ್ಲಿಸಿದ.

"ಇಳೀತಾ?"

"ತಡಿಯೆ. ಇಬ್ಬರನ್ನೂ ಹಿಂಗೆ ನೋಡ್ತಾ ಕೂತ್ರೆ ತುತ್ತಿಗೂ ನಾಚಿಕೆ ಆಗುತ್ತೆ." ಒಂದು ಗುಟುಕು ನೀರು ಕುಡಿದ. "ಇಳೀತು."

ಮುಂದೆ ಒಂದು ದಿನ ಬಟ್ಟೆ ಒಣಹಾಕುವಾಗ ಅವಳು ಆ ಪ್ಯಾಂಟನ್ನು ಮತ್ತೆ ತಿರುಗಿಸಿದಳು. ಒಳಗಿನ ಸಾಲಿನ ಹೊಸ ದಾರ ಇರಲಿಲ್ಲ. ಸೂಜಿ ಹಾದ ಗುರುತಷ್ಟೇ ಇತ್ತು.

"ಅಪ್ಪಾ, ಇನ್ನೂ ಎರಡು ಸಾಲು ಇದೆಯಲ್ಲ?" ಎಂದು ಕೂಗಿದಳು.

ಅಂಗಡಿಯಿಂದ, ಪಿನ್ನು ಕಚ್ಚಿದ ಬಾಯಿಂದಲೇ ಉತ್ತರ ಬಂತು. "ಅವಸರ ಏನು? ಅನ್ನ ಹಾಕೋಳು ನೀನಲ್ವಾ."

ಅವಳು ಒದ್ದೆ ಪ್ಯಾಂಟನ್ನು ಹಾಗೇ ಭುಜಕ್ಕೆ ಹಾಕಿಕೊಂಡು, ಪಿನ್ನು ಕಿತ್ತುಕೊಳ್ಳಲು ಅಂಗಡಿಗೆ ಓಡಿದಳು.