ಮೇಷ್ಟ್ರ ಹಾರ್ಮೋನು

ನಾನು ಹೈಸ್ಕೂಲಿನ ವಿಜ್ಞಾನ ಮೇಷ್ಟ್ರು. ಪ್ರತಿ ವರ್ಷವೂ ಮಕ್ಕಳಿಗೆ ಹಾರ್ಮೋನುಗಳ ಪಾಠ ಮಾಡುತ್ತೇನೆ. ಬೋರ್ಡಿನ ಮೇಲೊಂದು ಮನುಷ್ಯನ ಚಿತ್ರ ಬರೆದು, ಮೆದುಳಿನ ಬುಡದಲ್ಲಿ ಬಟಾಣಿಯಷ್ಟು, ಕುತ್ತಿಗೆಯಲ್ಲಿ ಚಿಟ್ಟೆಯಷ್ಟು, ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಷ್ಟು ಎಂದು ಗ್ರಂಥಿಗಳನ್ನು ತೋರಿಸುತ್ತ ಬರುವ ನನ್ನ ಕೋಲು, ಹೊಟ್ಟೆಯಿಂದ ಕೆಳಕ್ಕೆ ಇಳಿಯುವ ಹೊತ್ತಿಗೆ ಏಕೋ ಅವಸರಕ್ಕೆ ಬೀಳುತ್ತದೆ. ‘ಟೆಸ್ಟೋಸ್ಟಿರಾನ್. ಗಂಡುಮಕ್ಕಳಲ್ಲಿ ದನಿ ಒಡೆಯುತ್ತದೆ, ಮೀಸೆ ಬರುತ್ತದೆ, ಮಾಂಸಖಂಡ ಬಲಿಯುತ್ತದೆ, ಬರಕೊಳ್ಳಿ’ ಎಂದು ಒಂದೇ ಉಸಿರಿಗೆ ಹೇಳಿ ಮುಂದಿನ ಪಾಠಕ್ಕೆ ಹಾರಿಬಿಡುತ್ತೇನೆ. ಈ ಪದಾರ್ಥ ಬರುವ ಸಂಗತಿಯನ್ನು ಪಠ್ಯಪುಸ್ತಕ ಹೇಳುತ್ತದೆ, ಹೊರಡುವ ಸಂಗತಿಯನ್ನು ಹೇಳುವುದಿಲ್ಲ. ಹಾಗಾಗಿ ಅದು ನನ್ನನ್ನು ಬಿಟ್ಟು ಹೊರಟಿರಬಹುದೆಂಬ ಅನುಮಾನ ಬರಲು ನನಗೆ ಬಹಳ ಕಾಲ ಹಿಡಿಯಿತು.

ಅನುಮಾನ ಬಂದದ್ದು ನಮ್ಮ ಮನೆಯ ಅಟ್ಟದ ಮೇಲೆ. ಕಂದಿಕೆರೆ ಕಡೆಯ ನಮ್ಮ ಮನೆಗಳಲ್ಲಿ ಮನುಷ್ಯರು ಕೆಳಗೆ, ತೆಂಗಿನಕಾಯಿ ಮೇಲೆ. ಸಿಪ್ಪೆಸಮೇತ ಅಟ್ಟಕ್ಕೇರಿದ ಕಾಯಿ ಹೆಚ್ಚುಕಡಿಮೆ ವರ್ಷವಿಡೀ ಅಲ್ಲೇ ಕೂತು, ಒಳಗಿನ ನೀರೆಲ್ಲ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಆಗಿದೆಯೋ ಇಲ್ಲವೋ ಎಂದು ತಿಳಿಯಲು ಒಡೆದು ನೋಡುವಂತಿಲ್ಲ, ಅಲ್ಲಾಡಿಸಿ ಕೇಳಬೇಕು. ಈ ಕೆಲಸ ನನ್ನ ಹೆಂಡತಿ ಗಿರಿಜೆಯದು. ನಾನು ಕಾಯಿ ಎತ್ತಿ ಕೊಡುತ್ತೇನೆ, ಅವಳು ಎರಡೂ ಕೈಯಲ್ಲಿ ಹಿಡಿದು ಕಿವಿಯ ಹತ್ತಿರ ಮೆಲ್ಲಗೆ ಅಲ್ಲಾಡಿಸುತ್ತಾಳೆ. ಒಳಗೆ ಗಡಗಡ ಎಂದರೆ ಕಾಯಿ ಕೆಳಕ್ಕೆ. ಲೊಳಕ್ ಎಂದರೆ ‘ಇನ್ನೂ ನೀರೈತೆ, ಬುಡಿ’ ಎಂದು ವಾಪಸು ಕೊಡುತ್ತಾಳೆ. ಅವಳ ಕಿವಿ ತಪ್ಪಿದ್ದನ್ನು ನಾನು ಕಂಡಿಲ್ಲ. ಆ ಭಾನುವಾರ ಒಂದಷ್ಟು ಕಾಯಿ ಎತ್ತಿ ಕೊಟ್ಟವನು ಹಾಗೇ ಕುಳಿತುಬಿಟ್ಟೆ. ಏಣಿ ಇಳಿಯಲೂ ಮನಸ್ಸಿಲ್ಲ, ಮೇಲಿರಲೂ ಮನಸ್ಸಿಲ್ಲ. ‘ಏನ್ರೀ, ನಿದ್ದೆ ಹೋದ್ರಾ?’ ಎಂದು ಗಿರಿಜೆ ಕೇಳಿದಳು. ಹೌದು, ಹೋಗಿದ್ದೆ.

ಆಮೇಲೆ ಒಂದೊಂದೇ ಲೆಕ್ಕಕ್ಕೆ ಬರತೊಡಗಿತು. ಮಧ್ಯಾಹ್ನ ಮುದ್ದೆ ಉಂಡು ಸ್ಟಾಫ್ ರೂಮಿನಲ್ಲಿ ಕೂತರೆ ಗಂಟೆ ಹೊಡೆದದ್ದು ಕೇಳಿಸುತ್ತಿರಲಿಲ್ಲ. ಹೊಟ್ಟೆ ಮುಂದೆ ಬಂದು ಬೆಲ್ಟಿನ ತುದಿಗೆ ಹೊಸ ತೂತು ಹಾಕಿಸಿದ್ದೆ. ಸಣ್ಣದಕ್ಕೂ ರೇಗುತ್ತಿದ್ದೆ, ರೇಗಿದ ಮೇಲೆ ಅಳು ಬಂದಂತಾಗುತ್ತಿತ್ತು. ಇನ್ನೊಂದು ವಿಷಯವಿದೆ. ಅದನ್ನು ಹೇಳಲು ನನ್ನ ಕೋಲು ಇಲ್ಲೂ ಅವಸರಕ್ಕೆ ಬೀಳುತ್ತಿದೆ, ಆದರೂ ಹೇಳುತ್ತೇನೆ. ಹೆಂಡತಿಯ ಪಕ್ಕ ಮಲಗುವುದೆಂದರೆ ನನಗೆ ಭಯವಾಗತೊಡಗಿತ್ತು. ಆಸೆ ಹುಟ್ಟುತ್ತಿರಲಿಲ್ಲ, ಹುಟ್ಟಿದರೂ ದೇಹ ಜೊತೆಗೆ ಬರುತ್ತಿರಲಿಲ್ಲ. ಮೊದಲು ಉತ್ತರ ಪತ್ರಿಕೆ ತಿದ್ದುವ ನೆಪ ಹೇಳಿ ನಡುಮನೆಯಲ್ಲಿ ಚಾಪೆ ಹಾಸಿದೆ, ಪರೀಕ್ಷೆಗಳು ಮುಗಿದ ಮೇಲೆ ಸೆಕೆಯ ನೆಪ ಹೇಳಿದೆ, ಮಳೆ ಬಂದ ಮೇಲೆ ಯಾವ ನೆಪವನ್ನೂ ಹೇಳಲಿಲ್ಲ. ಗಿರಿಜೆಯೂ ಕೇಳಲಿಲ್ಲ. ಅವಳಿಗೆ ಎರಡು ವರ್ಷದ ಹಿಂದೆ ಗರ್ಭಕೋಶದ ಆಪರೇಷನ್ ಆಗಿತ್ತು. ಕೇಳದಿದ್ದದ್ದು ನನಗೆ ಅನುಕೂಲವಾಯಿತು ಎಂದೇ ತಿಳಿದಿದ್ದೆ.

ಆತಂಕಕ್ಕೆ ಬಿದ್ದ ಗಂಡಸು ಮೊದಲು ಮಾಡುವ ಕೆಲಸ ಕನ್ನಡಿ ನೋಡಿಕೊಳ್ಳುವುದು. ಬೆಳಿಗ್ಗೆ ಎದ್ದ ಕೂಡಲೇ ಮೀಸೆ ಇದೆಯೋ ಇಲ್ಲವೋ ನೋಡಿಕೊಳ್ಳುತ್ತಿದ್ದೆ. ಇದ್ದೇ ಇರುತ್ತಿತ್ತು, ಆದರೂ ನಂಬಿಕೆ ಸಾಲದೆ ಎಳೆದು ನೋಡುತ್ತಿದ್ದೆ. ಎರಡನೆಯ ಕೆಲಸ ಫೋನು ನೋಡುವುದು. ಒಂದು ಸಲ ಆ ಹಾರ್ಮೋನಿನ ಹೆಸರು ಒತ್ತಿದ್ದೇ ತಪ್ಪಾಯಿತು, ಆಮೇಲೆ ನನ್ನ ಫೋನಿಗೆ ನನ್ನ ಬಗ್ಗೆ ನನಗಿಂತ ಹೆಚ್ಚು ಚಿಂತೆ. ಪುಡಿ, ಲೇಹ್ಯ, ಗುಳಿಗೆ, ಎಲ್ಲದರ ಮೇಲೂ ಕುದುರೆಯ ಚಿತ್ರ. ಆಯುರ್ವೇದದಲ್ಲಿ ವಾಜೀಕರಣ ಎಂದೇ ಒಂದು ಅಂಗವಿದೆ, ವಾಜಿ ಎಂದರೆ ಕುದುರೆ. ಹಿಂದಿನವರಿಗೂ ಈ ಚಿಂತೆ ಇತ್ತಲ್ಲ ಎಂದು ಸ್ವಲ್ಪ ಸಮಾಧಾನವಾಯಿತು. ಆದರೆ ನನಗೆ ಕುದುರೆಯಾಗುವ ಆಸೆಯೇನೂ ಇರಲಿಲ್ಲ. ಗಾಡಿ ಎಳೆದುಕೊಂಡು ಸಂತೆಗೆ ಹೋಗಿ ಬರುವ ಸಾಧಾರಣ ಎತ್ತಾಗಿದ್ದರೆ ಸಾಕಿತ್ತು.

ನಮ್ಮ ಸೀಮೆಯ ಒಂದು ವಿಚಿತ್ರ ನೋಡಿ. ತೋಟದ ಮರಕ್ಕೆ ನುಸಿ ಬಂದರೆ, ಕಾಂಡ ಸೋರಿದರೆ ನಾವು ಊರಿಗೆಲ್ಲ ಹೇಳುತ್ತೇವೆ. ಟೀ ಅಂಗಡಿಯಲ್ಲಿ ಕಾಯಿ ತೋರಿಸಿ ಸಲಹೆ ಕೇಳುತ್ತೇವೆ. ಹೂವು ಉದುರಿ ಹರಳು, ಅಂದರೆ ಎಳೆಗಾಯಿ, ಕಟ್ಟಲಿಲ್ಲವೆಂದು ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತನ ಮುಂದೂ ಗೋಳಾಡುತ್ತೇವೆ. ತೆಂಗಿನ ಹೊಂಬಾಳೆಯಲ್ಲಿ ಗಂಡು ಹೂವು ಸಾವಿರಗಟ್ಟಲೆ, ಹೆಣ್ಣು ಹೂವು ಬುಡದಲ್ಲಿ ಕೆಲವೇ ಕೆಲವು. ಗಂಡು ಹೂವೆಲ್ಲ ಉದುರಿ ಹೋಗುತ್ತವೆ, ಗಿರಿಜೆ ದಿನಾ ಅಂಗಳದಲ್ಲಿ ಅವನ್ನು ಗುಡಿಸಿ ತಿಪ್ಪೆಗೆ ಹಾಕುತ್ತಾಳೆ. ಮರಕ್ಕೆ ಇದರಿಂದ ನಾಚಿಕೆಯೇನೂ ಆದಂತಿಲ್ಲ. ನಾನು ಮಾತ್ರ ಆ ಕಸವನ್ನು ಕಂಡಾಗೆಲ್ಲ ಸುತ್ತು ಹಾಕಿಕೊಂಡು ಹೋಗುತ್ತಿದ್ದೆ.

ಕೊನೆಗೆ ತಿಪಟೂರಿಗೆ ಹೋದೆ. ಅಲ್ಲಿನ ಒಂದು ನರ್ಸಿಂಗ್ ಹೋಮಿಗೆ ವಾರಕ್ಕೊಂದು ದಿನ ಹಾರ್ಮೋನು ಡಾಕ್ಟರು ಬರುತ್ತಾರೆಂದು ತಿಳಿದಿತ್ತು. ಬಂದದ್ದು ಹೆಂಗಸು, ಅದೂ ಚಿಕ್ಕ ವಯಸ್ಸಿನವರು. ನಾನು ಸುಸ್ತು ಎಂದೆ, ನಿದ್ದೆ ಎಂದೆ, ಕಾಲು ಸೆಳೆತ ಎಂದೆ. ಅವರು ಪೆನ್ನು ಕೆಳಗಿಟ್ಟು, ‘ಮತ್ತೆ?’ ಎಂದು ಕೇಳಿದರು. ಆ ‘ಮತ್ತೆ’ಗೆ ನಾನು ಗೋಡೆಯ ಕ್ಯಾಲೆಂಡರಿಗೆ ಉತ್ತರ ಹೇಳಿದೆ. ಅವರು ಮುಖದಲ್ಲಿ ಒಂದು ಗೆರೆಯನ್ನೂ ಬದಲಿಸದೆ ಬರೆದುಕೊಂಡರು. ಇಂಜೆಕ್ಷನ್ ಕೊಟ್ಟುಬಿಡಿ ಅಂದದ್ದಕ್ಕೆ, ‘ಮೊದಲು ರಕ್ತ ನೋಡೋಣ. ಬೆಳಿಗ್ಗೆ ಬೇಗ ಬನ್ನಿ, ಬರಿ ಹೊಟ್ಟೇಲಿ’ ಎಂದರು.

ಮಾರನೇ ದಿನ ಕಾಫಿಯನ್ನೂ ಮುಟ್ಟದೆ ಮೊದಲ ಬಸ್ಸು ಹಿಡಿದೆ. ಗಿರಿಜೆಗೆ ಶಾಲೆಯ ಕೆಲಸ ಎಂದೆ. ಚಿಕ್ಕನಾಯಕನಹಳ್ಳಿಯಲ್ಲಿ ಬಸ್ಸು ಬದಲಿಸಬೇಕು, ಅಲ್ಲೇ ಬಸ್ ಸ್ಟ್ಯಾಂಡಿನ ಹತ್ತಿರ ಗಿರಿಜೆಯ ಅಣ್ಣ ರೇಣುಕಪ್ಪನ ಮನೆ. ಭಾವ ನನ್ನನ್ನು ಕಂಡವನೇ ಕೈ ಹಿಡಿದು ಎಳೆದುಕೊಂಡು ಹೋದ. ಮಚ್ಚಿನಿಂದ ಒಂದೇ ಏಟಿಗೆ ಎಳನೀರು ಕೊಚ್ಚಿ ಮುಂದೆ ಹಿಡಿದ. ಹೆಂಡತಿಯ ತವರಿನವರು ಕೊಟ್ಟ ಎಳನೀರನ್ನು ಬೇಡವೆಂದರೆ ನಮ್ಮಲ್ಲಿ ಅದಕ್ಕೊಂದು ಕಾರಣ ಕೊಡಬೇಕು.

‘ಬರಿ ಹೊಟ್ಟೇಲಿ ಇದೀನಿ ಭಾವ,’ ಎಂದೆ.

‘ಬರಿ ಹೊಟ್ಟೆಗೇ ಒಳ್ಳೇದು ಕಣ್ ಭಾವ, ಕುಡೀರಿ.’

ಕುಡಿದೆ. ನಾಚಿಕೆಯ ವಿಷಯವೆಂದರೆ, ಕುಡಿಯುವಾಗ ನನಗೂ ತಪ್ಪೆನ್ನಿಸಲಿಲ್ಲ. ನಮ್ಮ ಕಡೆ ಎಳನೀರು ಊಟವೂ ಅಲ್ಲ, ತಿಂಡಿಯೂ ಅಲ್ಲ, ಅದು ಗಾಳಿ ಬೆಳಕಿನ ಹಾಗೆ ತಾನಾಗಿ ಒಳಗೆ ಹೋಗುವಂಥದ್ದು. ಉಪವಾಸದ ದಿನವೂ ಎಳನೀರು ನಡೆಯುತ್ತದೆ, ರಕ್ತ ಪರೀಕ್ಷೆಗೆ ಏಕೆ ನಡೆಯಬಾರದು?

ಲ್ಯಾಬಿನ ಹುಡುಗಿ ಸೂಜಿ ಹಿಡಿದು, ‘ಏನಾದ್ರೂ ತಗೊಂಡ್ರಾ ಸಾರ್?’ ಎಂದಳು.

‘ಏನೂ ಇಲ್ಲಮ್ಮ. ಬರೀ ಒಂದು ಎಳನೀರು.’

ಆಕೆ ಸೂಜಿ ಕೆಳಗಿಟ್ಟಳು. ‘ಎಳನೀರಲ್ಲಿ ಸಕ್ಕರೆ ಇರಲ್ವಾ ಸಾರ್? ಈ ಊರಲ್ಲಿ ಎಲ್ಲಾರೂ ಹಿಂಗೇ ಮಾಡ್ತಾರೆ. ನಾಳೆ ಬನ್ನಿ’ ಎಂದು ಚೀಟಿಯನ್ನು ಗಟ್ಟಿಯಾಗಿ ಓದಿದಳು: ‘ಶುಗರ್ರು, ಥೈರಾಯ್ಡು, ಟೆಸ್ಟೋಸ್ಟಿರಾನು.’ ಪಕ್ಕದ ಬೆಂಚಿನಲ್ಲಿ ನಮ್ಮ ಕೊಬ್ಬರಿ ಕೊಳ್ಳುವ ಮಂಡಿಯ ಗುಮಾಸ್ತರು ಕೂತಿದ್ದರು. ‘ಕೊನೇದು ಏನು ಮೇಷ್ಟ್ರೆ?’ ಎಂದರು. ಮಕ್ಕಳಿಗೆ ಇಷ್ಟು ವರ್ಷ ಸತ್ಯವನ್ನೇ ಕಲಿಸಿದ ನಾನು, ‘ಅದಾ? ಮೂಳೆಗೆ’ ಎಂದೆ. ಪಾಠ ಬಲ್ಲವರು ಒಪ್ಪುತ್ತಾರೆ, ಅದು ಪೂರ್ತಿ ಸುಳ್ಳೇನೂ ಅಲ್ಲ.

ಮರುದಿನ ಭಾವನ ಕಣ್ಣಿಗೆ ಬೀಳದಂತೆ ತಲೆಗೆ ಟವೆಲು ಸುತ್ತಿಕೊಂಡು ಹೋಗಿ ರಕ್ತ ಕೊಟ್ಟೆ. ಮುಂದಿನ ವಾರ ಡಾಕ್ಟರು ತೋರಿಸಿದ ವರದಿಯಲ್ಲಿ ಸಕ್ಕರೆ ಗಡಿಯ ಮೇಲೆ ನಿಂತಿತ್ತು, ಹಾರ್ಮೋನು ಗಡಿಯಿಂದ ಕೆಳಕ್ಕೆ ಇಳಿದಿತ್ತು. ಇಂಜೆಕ್ಷನ್ ಇವತ್ತೇ ಕೊಡಿ ಎಂದೆ. ಡಾಕ್ಟರು ಮಾತ್ರ ಆತುರಪಡಲಿಲ್ಲ. ಒಂದೇ ಪರೀಕ್ಷೆ ನಂಬಿ ಔಷಧಿ ಶುರು ಮಾಡುವಂತಿಲ್ಲವಂತೆ, ಇನ್ನೊಂದು ಬೆಳಿಗ್ಗೆ ಮತ್ತೆ ನೋಡಬೇಕಂತೆ. ‘ಹೊಟ್ಟೆ ಇದೆ, ಸಕ್ಕರೆ ಅಂಚಿನಲ್ಲಿದೆ. ಗೊರಕೆ ಹೊಡೀತೀರಾ? ನಿದ್ದೇಲಿ ಉಸಿರು ನಿಲ್ಲುತ್ತಾ?’ ಎಂದು ಕೇಳಿದರು. ನಿದ್ದೆಯಲ್ಲಿರುವವನಿಗೆ ಅದು ಹೇಗೆ ಗೊತ್ತಾಗಬೇಕು ಎಂದೆ. ‘ಅದಕ್ಕೇ ಮುಂದಿನ ಸಲ ಮನೆಯವರನ್ನ ಕರಕೊಂಡು ಬನ್ನಿ’ ಎಂದುಬಿಟ್ಟರು.

ಹಾರ್ಮೋನು ಕಡಿಮೆ ಎಂದಾಗಲೂ ಅಷ್ಟು ಹೆದರಿರಲಿಲ್ಲ. ಗಿರಿಜೆಗೆ ಏನೆಂದು ಹೇಳುವುದು? ಅವಳ ಕಣ್ಣಲ್ಲಿ ಇಷ್ಟು ವರ್ಷ ಗಂಡ ಎನ್ನಿಸಿಕೊಂಡವನು ಒಂದು ಮಾತಿಗೆ ಏನಾಗಿಬಿಡುತ್ತೇನೆ? ನಗುತ್ತಾಳೋ, ಅಯ್ಯೋ ಪಾಪ ಎನ್ನುತ್ತಾಳೋ? ನಕ್ಕರೆ ತಡೆದುಕೊಳ್ಳಬಹುದಿತ್ತು. ಪಾಪ ಅನ್ನುವುದನ್ನು ನೆನೆದರೇ ಬೆವರುತ್ತಿತ್ತು. ಹೇಳದೆ ಹೋದರೆ ಚಿಕಿತ್ಸೆಯಿಲ್ಲ, ಹೇಳಿದರೆ ಮುಖವಿಲ್ಲ. ಹೀಗೇ ಕೆಲವು ವಾರ ಕಳೆದವು.

ಹೇಳಿದ್ದು ಅಟ್ಟದ ಮೇಲೇ. ಅಲ್ಲಿ ಬೆಳಕು ಕಡಿಮೆ, ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ. ಕಾಯಿ ಎತ್ತಿ ಕೊಡುತ್ತಲೇ, ಬೇರೆ ಯಾರದೋ ವಿಷಯ ಹೇಳುವವನ ಹಾಗೆ ಎಲ್ಲವನ್ನೂ ಹೇಳಿದೆ. ರಕ್ತ, ವರದಿ, ಡಾಕ್ಟರು, ನಡುಮನೆಯ ಚಾಪೆ. ಗಿರಿಜೆ ಕಾಯಿ ಅಲ್ಲಾಡಿಸುವುದನ್ನು ನಿಲ್ಲಿಸಿದಳು. ನಗಲಿಲ್ಲ, ಪಾಪ ಎನ್ನಲಿಲ್ಲ. ಕೈಯಲ್ಲಿದ್ದ ಕಾಯಿಯನ್ನು ಮಡಿಲಲ್ಲಿಟ್ಟುಕೊಂಡು, ‘ಅಂದ್ರೆ ಇದು ಕಾಯಿಲೆನಾ?’ ಎಂದಳು.

‘ಹೂಂ.’

‘ಆಪ್ರೇಷನ್ ಆದ್ಮೇಲೆ ನಾನೇ ನಿಮಗೆ ಬ್ಯಾಡವಾದೆ ಅಂದ್ಕಂಡಿದ್ದೆ ಕಣ್ರೀ. ಗರ್ಭಕೋಶ ತೆಗೆದ ಹೆಂಗಸು, ಇನ್ನೇನೈತೆ ಅಂತ ಆಚೆ ಮಲಗ್ತಾರೆ ಅಂತ. ಕೇಳಿದ್ರೆ ಹೌದು ಅಂದ್ಬಿಡ್ತೀರೇನೋ ಅಂತ ಕೇಳ್ಲಿಲ್ಲ.’

ನನ್ನ ಗಂಡಸುತನದ ಚಿಂತೆಯನ್ನು ನಾನೊಬ್ಬನೇ ಹೊತ್ತಿದ್ದೇನೆ ಎಂದು ತಿಳಿದಿದ್ದೆ. ಅದರ ಭಾರವೆಲ್ಲ ಹೋಗಿ ಬಿದ್ದದ್ದು ಅವಳ ಮೇಲೆ. ‘ಹಂಗಲ್ಲ ಕಣೇ, ಹಂಗಲ್ಲ’ ಎಂದಷ್ಟೇ ಹೇಳಲಾಯಿತು. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು, ‘ಮೊದಲೇ ಬಾಯಿ ಬುಟ್ಟಿದ್ರೆ ಏನು ಮುತ್ತು ಉದುರೋಗ್ತಿತ್ತಾ?’ ಎಂದು ಬೈದಳು. ಎಷ್ಟೋ ದಿನದ ಮೇಲೆ ಅವಳು ನನ್ನನ್ನು ಬೈದದ್ದು, ಕೇಳಲು ಹಿತವಾಗಿತ್ತು.

ಎರಡನೆಯ ಪರೀಕ್ಷೆಗೆ ಇಬ್ಬರೂ ಹೊರಟೆವು. ಚಿಕ್ಕನಾಯಕನಹಳ್ಳಿಯಲ್ಲಿ ರೇಣುಕಪ್ಪ ಮಚ್ಚು ಹಿಡಿದೇ ನಿಂತಿದ್ದ. ನಾನು ಟವೆಲು ಹುಡುಕುವಷ್ಟರಲ್ಲಿ ಗಿರಿಜೆ, ‘ಈಗ ಬ್ಯಾಡ ಅಣ್ಣ, ರಕ್ತ ಕೊಡಕ್ಕೆ ಹೋಗ್ತಿದೀವಿ. ಬರುವಾಗ ಕುಡಿತೀವಿ’ ಎಂದಳು.

‘ಯಾಕಮ್ಮ, ಯಾರಿಗೇನಾಯ್ತು?’

ನಾನು ಬಸ್ಸಿನ ಬೋರ್ಡು ಓದತೊಡಗಿದೆ.

‘ಇವರಿಗೆ ಹಾರ್ಮೋನು ಕಮ್ಮಿ ಆಗೈತಂತೆ. ಒಬ್ಬೊಬ್ರಿಗೆ ಶುಗರ್ ಜಾಸ್ತಿ ಆಗಲ್ವಾ, ಹಂಗೆ.’

ರೇಣುಕಪ್ಪ ಗಂಭೀರವಾಗಿ ಯೋಚಿಸಿದ. ‘ಹಾರ್ಮೋನಾ? ನಮ್ಮ ಹಸೂಗೂ ಅದೇ ಆಗಿತ್ತು ಭಾವ. ಡಾಕ್ಟ್ರು ಇಂಜೆಕ್ಷನ್ ಮಾಡಿದ್ರು, ಈಗ ಚೆನ್ನಾಗೈತೆ. ಏನೂ ಯೋಚ್ನೆ ಮಾಡ್ಬ್ಯಾಡಿ’ ಎಂದ. ಕುದುರೆ ಬೇಡ, ಎತ್ತು ಸಾಕು ಎಂದುಕೊಂಡಿದ್ದ ನನ್ನನ್ನು ಭಾವ ಹಸುವಿನ ಪಕ್ಕ ಕಟ್ಟಿಬಿಟ್ಟ. ನಾನು ಇಷ್ಟು ದಿನ ಹೆದರಿದ್ದ ಸಂಗತಿ ಬಯಲಿಗೆ ಬಂದದ್ದು ಇಷ್ಟೇ ಇಷ್ಟರಲ್ಲಿ.

ಎರಡನೆಯ ವರದಿಯಲ್ಲೂ ಅದು ಕಡಿಮೆಯೇ ಬಂತು. ಮೊದಲು ಹೊಟ್ಟೆ ಇಳಿಸಬೇಕು, ಸಕ್ಕರೆ ಹಿಡಿತಕ್ಕೆ ಬರಬೇಕು, ನಿದ್ದೆ ಸರಿಯಾಗಬೇಕು, ಆಮೇಲೂ ಹಾರ್ಮೋನು ಏರದಿದ್ದರೆ ಔಷಧಿಯ ಮಾತು, ಅದಕ್ಕೂ ಮುಂಚೆ ಇನ್ನಷ್ಟು ಪರೀಕ್ಷೆ ಎಂದಿದ್ದಾರೆ ಡಾಕ್ಟರು. ಔಷಧಿ ಬೇಕಾಗುತ್ತದೋ, ಕೊಟ್ಟರೆ ಒಗ್ಗುತ್ತದೋ, ಮೊದಲಿನಂತಾಗುತ್ತೇನೋ, ಗೊತ್ತಿಲ್ಲ. ಹೆದರಿಕೆ ಹೋಗಿಲ್ಲ. ಬೆಳಿಗ್ಗೆ ಕೆರೆ ಏರಿಯ ಮೇಲೆ ನಡೆಯುವಾಗಲೂ ಅದು ಜೊತೆಗೇ ನಡೆಯುತ್ತದೆ. ಚಾಪೆ ಮಾತ್ರ ಸುತ್ತಿ ಅಟ್ಟಕ್ಕೆ ಹಾಕಿದ್ದೇವೆ, ಏಕೆಂದರೆ ನನ್ನ ಗೊರಕೆಯನ್ನು ಗಿರಿಜೆ ಗಮನಿಸಬೇಕೆಂದು ಡಾಕ್ಟರ ಆಜ್ಞೆಯಾಗಿದೆ.

ಮೊನ್ನೆ ಕಾಫಿ ಲೋಟ ಮುಂದಿಟ್ಟವಳನ್ನು ಕೇಳಿದೆ, ‘ಏನನ್ಸುತ್ತೆ ನಿಂಗೆ? ನಾನು ಪೂರ್ತಿ ಒಣಗಿಹೋದ್ನಾ?’ ತಮಾಷೆಯೆಂದು ತೇಲಿಸಲು ಆಗಲಿಲ್ಲ. ಗಿರಿಜೆ ನನ್ನನ್ನು ಒಂದು ಗಳಿಗೆ ನೋಡಿದಳು. ಬಾಗಿಲ ಕಡೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ತನ್ನ ಕಿವಿಯ ಹತ್ತಿರಕ್ಕೆ ತಂದು ಮೆಲ್ಲಗೆ ಅಲ್ಲಾಡಿಸಿದಳು.

‘ಇನ್ನೂ ನೀರೈತೆ, ಬುಡಿ’ ಎಂದಳು.