ಅವ್ವನ ಸೋಬಾನೆ ಪದ ಉಳಿಸಿದವರು

ಅವತ್ತು ರಾಗಿ ಬೀಸಿಸಿದೆ, ಸೀಮೆಎಣ್ಣೆ ತಂದೆ, ಅವ್ವನ ಕನ್ನಡಕಕ್ಕೆ ದಾರ ಕಟ್ಟಿದೆ. ಆಮೇಲೆ ಅವಳನ್ನು ಕರೆದುಕೊಂಡು ಹಂಗಳದಿಂದ ಗುಂಡ್ಲುಪೇಟೆಗೆ, ವಿಡಿಯೋದವರ ಅಂಗಡಿಗೆ ಹೋದೆ. ತೊಂಬತ್ತರ ದಶಕ ಮುಗಿಯುತ್ತಿತ್ತು. ತಂಗಿಯ ಮದುವೆಯ ಚಿತ್ರವನ್ನು ಅವರು ಹೊಸ ಕಂಪ್ಯೂಟರಿನಲ್ಲಿ ಕತ್ತರಿಸಿ ಜೋಡಿಸುತ್ತಿದ್ದರು.

ಯಾರೇ ಬರಲಿ, “ವಸಿ ಅಗುರ ಮಾಡನ ತಡೀರಿ” ಎಂದು ಎದ್ದು ಬಂದು ಕೈಚೀಲ ಇಳಿಸಿಕೊಳ್ಳುವುದು ಅವರ ರೂಢಿ.

ಅವ್ವ ಸೋಬಾನೆ ಹಾಡಿದ ಕಡೆ ಚಿತ್ರ ನಿಂತು ನಿಂತು ಓಡಿತು. ಪದ ತುಂಡುತುಂಡಾಯಿತು.

“ನಾನ್ಯಾವತ್ಲಾ ಇಂಗೆ ತೊದಲ್ದೆ? ನೋಡ್ದೋರು ನಗಾಕಿಲ್ವಾ? ತೆಗ್ದಾಕ್ಬುಡು!” ಅವ್ವ ಎದ್ದೇಬಿಟ್ಟಳು.

“ನಿಮ್ ತಪ್ಪಲ್ಲ ಕಣವ್ವ. ಚಿತ್ರ ಬಾರ, ಈ ಮಿಷಿನ್ ಕೈಲಿ ಎಳಿಯಾಕಾಯ್ತಿಲ್ಲ. ವಸಿ ಅಗುರ ಮಾಡನ ತಡೀರಿ.”

ಅವರು ಅದೇ ಚಿತ್ರದ ಚಿಕ್ಕ, ಮಬ್ಬು ಪ್ರತಿಯೊಂದನ್ನು ಮಾಡಿ ಓಡಿಸಿದರು. ಪದ ಎಲ್ಲೂ ತಡೆಯದೆ ಹರಿಯಿತು.

“ನನ್ ಮೊಕವೇ ಕಾಣಾಕಿಲ್ವಲ್ಲಾ!”

“ಇದು ಕೆಲ್ಸ ಗೇಯಾಕೆ ಉಡೋ ಸೀರೆ ಕಣವ್ವ. ಕತ್ತರ್ಸೋದೆಲ್ಲ ಇದ್ರಲ್ಲೇ. ಮದ್ವೆ ಸೀರೆ, ಆ ಮೊದಲ್ನೇ ಚಿತ್ರ, ಪೆಟ್ಟಿಗೇಲೈತೆ, ಕೊನೇಗೆ ಅದ್ನೇ ಉಡುಸ್ತೀನಿ.”

ಅವ್ವ ಮತ್ತೆ ಕೂತಳು.

ಕ್ಯಾಸೆಟ್ ಮನೆಗೆ ಬಂದ ದಿನ ಎಲ್ಲರೂ ನೋಡಿದೆವು. ಅವ್ವನ ಮೂಗುಬೊಟ್ಟೂ ಹೊಳೆಯುತ್ತಿತ್ತು, ಪದದಲ್ಲಿ ಒಂದು ಸಾಲೂ ಕಳೆದಿರಲಿಲ್ಲ. ಮುದ್ದೆ, ಉಪ್ಪೆಸರು ಉಂಡೆವು. “ನಾಳೀಕೆ ಆ ವಿಡಿಯೋ ಐದಂಗೂ ವಸಿ ಉಪ್ಪೆಸರು ತಕ್ಕೊಂಡೋಗಮ್ಮಿ” ಎಂದು ಅವ್ವ ಪದ ಗುನುಗುತ್ತಲೇ ಎಲ್ಲರಿಗಿಂತ ಮೊದಲು ನಿದ್ದೆಹೋದಳು.